ಹನ್ನೊಂದು ದಿನ ತಡವಾದ ಸಹಿ

ಮೂರು ಪೆನ್ನು, ಒಂದೇ ಜೇಬಿನಲ್ಲಿ ಮೂರು, ನೀಲಿ ಕಪ್ಪು ಕೆಂಪು, ಈ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಷ್ಟೊಂದು ಯಾಕೋ, ನಮ್ಮ ಮನೆಯಲ್ಲಿ ಆರು ತಿಂಗಳು ಒಂದು ಪೆನ್ನಿನ ಮುಚ್ಚಳ ತೆಗೆಯುವವರಿರಲಿಲ್ಲ — ಜೇಬು ನೋಡಬೇಡ, ಪ್ರೆಸ್ಸು ನೋಡು, ಪಟ್ಟಿ ನೋಡು. ನಾಲ್ಕು ಪಟ್ಟಿ. ನಿನ್ನೆ ನಾನು ಬೆಸೆದ ಉಕ್ಕಿನ ಹಲಗೆಯನ್ನು ಇವತ್ತು ಬೆಳಿಗ್ಗೆ ಅಡ್ಡಡ್ಡ ಕೊಯ್ದು ತೆಗೆದದ್ದು, ಗೇಣುದ್ದದ್ದು, ಪ್ರತಿಯೊಂದರ ನಡುಮಧ್ಯೆ ನನ್ನ ಬೆಸುಗೆ, ಒಂದೊಂದನ್ನೇ ಪ್ರೆಸ್ಸಿನಲ್ಲಿಟ್ಟು ಲಾಳದ ಹಾಗೆ ಬಗ್ಗಿಸುತ್ತಾರೆ, ಬಗ್ಗಿದ ಬೆನ್ನಿನ ಮೇಲೆ ಬಾಯಿಬಿಟ್ಟ ಬಿರುಕೋ ಚುಕ್ಕೆಯೋ ಮೂರು ಮಿಲಿಮೀಟರ್ ದಾಟಿದರೆ ನಾನು ಫೇಲು, ಫೇಲಾದರೆ ಪೆಟ್ರೋಲ್ ಟ್ಯಾಂಕರಿನ ಹತ್ತಿರಕ್ಕೂ ಬಿಡುವುದಿಲ್ಲ, ಗೇಟು ಕಿಟಕಿ ಮಾಡುವ ಹಿಂದಿನ ಶೆಡ್ಡಿಗೆ ಹೋಗಬೇಕು, ಇಪ್ಪತ್ತೆರಡು ವರ್ಷ ಟ್ಯಾಂಕರ್ ಬೆಸೆದವಳು ಯಾರದೋ ಕಾಂಪೌಂಡಿಗೆ ಕಬ್ಬಿಣದ ಹೂಬಳ್ಳಿ ಮಾಡಿಕೊಂಡಿರಬೇಕು, ನನ್ನ ಟ್ಯಾಂಕರೋ ಅಲ್ಲಿ ದೊಡ್ಡ ಶೆಡ್ಡಿನಲ್ಲಿ ಅರ್ಧ ಹೊಲಿಗೆಗೆ ನಿಂತಿದೆ, ಅರ್ಧ ಕ್ಷೌರಕ್ಕೆ ಕುರ್ಚಿಯಿಂದ ಎದ್ದು ಬಂದವನ ಹಾಗೆ, ಪಾಪ. ಮೊದಲನೆಯ ಪಟ್ಟಿ ಒಳಗೆ ಹೋಯಿತು. ಪ್ರೆಸ್ಸು ನರಳುತ್ತದೆ, ಅತ್ತೆ ಮಂಚದಿಂದ ಏಳುವಾಗಿನ ಸದ್ದು ಅದೇ, ಪಟ್ಟಿ ಬಗ್ಗುತ್ತಿದೆ, ಬಗ್ಗುತ್ತಿದೆ, ಬಗ್ಗಿತು. ಸಾಹೇಬರು ಭೂತಗನ್ನಡಿ ಹಿಡಿದರು. ಮೊನ್ನೆಯಿಂದ ನನಗೆ ಎಲ್ಲೆಲ್ಲೂ ಚುಕ್ಕೆ, ಹಾಲಿನಲ್ಲಿ ಚುಕ್ಕೆ, ಕನ್ನಡಿಯ ಮೇಲೆ ಚುಕ್ಕೆ, ರಾತ್ರಿ ದೀಪ ಆರಿಸುವ ಮೊದಲು ಇವರ ಮೂಗಿನ ಪಕ್ಕದ ಮಚ್ಚೆಯನ್ನೇ ನೋಡುತ್ತ ಮಲಗಿದ್ದೆ, ನಾಲ್ಕು ಮಿಲಿಮೀಟರ್ ಇದ್ದೀತು, ಇವರಂತೂ ಖಂಡಿತ ಫೇಲು. ಸರಿಯಾಗಿದೆ ಅಮ್ಮಾ, ಅಂದರು ಸಾಹೇಬರು. ಒಂದಾಯಿತು.

ಗಾಜಿನ ಬಾಗಿಲ ಆಚೆ ಇವರು ನಿಂತಿದ್ದಾರೆ, ನನ್ನ ಗಂಡ, ಇಲ್ಲಿ ಗಂಡ ಅನ್ನಬಾರದು, ಇಲ್ಲಿ ಸೂಪರ್‌ವೈಸರ್ ಸಾರ್. ಫ್ಯಾಕ್ಟರಿಯಲ್ಲಿ ಮನೆಯ ಮಾತಿಲ್ಲ, ಮನೆಯಲ್ಲಿ ಫ್ಯಾಕ್ಟರಿ ಮಾತಿಲ್ಲ, ಒಂಬತ್ತು ವರ್ಷದ ಹಿಂದೆ ನಾವೇ ಮಾಡಿಕೊಂಡ ಕಾನೂನು, ಮಾಡದೆ ಗತಿಯಿರಲಿಲ್ಲ, ಊಟಕ್ಕೆ ಕೂತಾಗ ಇವರು ಸಾರಿನಲ್ಲಿ ಬೆರಳದ್ದಿ ತಟ್ಟೆಯ ಮೇಲೆ ನನ್ನ ಬೆಸುಗೆಯ ತಪ್ಪನ್ನು ಬರೆದು ತೋರಿಸುತ್ತಿದ್ದರು, ನಾನು ಇಲ್ಲಿ ಶೆಡ್ಡಿನಲ್ಲಿ ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವ ವಿಷಯ ಎತ್ತಿದ್ದೆ, ಕ್ರೇನಿನವನು ಸರಿಯಾಗಿ ಕೇಳಿಸಲೆಂದು ಮೇಲಿನಿಂದ ಇಳಿದು ಬಂದು ನಿಂತಿದ್ದ. ಆಮೇಲೆ ಕಾನೂನು. ಮನೆಯಲ್ಲಿ ಲೇ, ಕಣೇ, ಇಲ್ಲಿ ಮೇಡಂ, ದಯವಿಟ್ಟು ಆ ಮೂಲೆ ಇನ್ನೊಮ್ಮೆ ನೋಡ್ತೀರಾ. ಸ್ಕೂಟರಿನ ದಾರಿ ಯಾವ ಕಡೆಗೆ ಸೇರುತ್ತದೆ ಅಂತ ಇನ್ನೂ ತೀರ್ಮಾನವಾಗಿಲ್ಲ, ಹಾಗಾಗಿ ದಾರಿಯುದ್ದಕ್ಕೂ ಬರೀ ಲಾರಿಗಳನ್ನು ಬೈಯುತ್ತೇವೆ. ಎರಡನೆಯದು ಹೋಯಿತು, ಸದ್ದು, ಅತ್ತೆಯ ಮಂಚ. ನನ್ನ ವೆಲ್ಡಿಂಗ್ ಪರವಾನಗಿಯ ಕಾರ್ಡು ನಾನೇ ಮನೆಗೆ ಒಯ್ದದ್ದು, ಫೋಟೊ ಅಂಟು ಬಿಟ್ಟಿತ್ತು, ಅಂಟಿಸಿ ಫ್ರಿಜ್ಜಿನ ಮೇಲಿಟ್ಟೆ. ಈಕೆ ಟ್ಯಾಂಕರ್ ಕೆಲಸ ಬಿಟ್ಟಿಲ್ಲ, ಮಾಡುತ್ತಲೇ ಇದ್ದಾಳೆ ಎಂದು ಆರು ತಿಂಗಳಿಗೊಮ್ಮೆ ಸೂಪರ್‌ವೈಸರ್ ಅದರಲ್ಲಿ ಸಹಿ ಹಾಕಬೇಕು, ಹಾಕದಿದ್ದರೆ ಕಾರ್ಡು ಸತ್ತ ಹಾಗೆ. ಇವರು ದಿನವೂ ಫ್ರಿಜ್ಜು ತೆಗೆಯುತ್ತಿದ್ದರು, ನೋಡುತ್ತಿದ್ದರು, ಅವಳ ಕಾರ್ಡು, ಅವಳೇ ತರಲಿ. ನಾನು ದಿನವೂ ನೋಡುತ್ತಿದ್ದೆ, ಸಹಿ ಇವರ ಕೆಲಸ, ಇವರೇ ಒಯ್ಯಲಿ. ಬಾಯಿಬಿಟ್ಟು ಹೇಳುವಂತಿಲ್ಲ, ಮನೆಯಲ್ಲಿ ಫ್ಯಾಕ್ಟರಿ ಮಾತು, ಕಾನೂನು. ಇಲ್ಲಿ ಬಂದು ಹೇಳೋಣವೆಂದರೆ ಫ್ರಿಜ್ಜು ಮನೆಯ ವಿಷಯ. ಯಾರು ಮೊದಲು ಸೋಲುತ್ತಾರೆ ನೋಡಿಯೇ ಬಿಡೋಣ ಅಂತ ಇಬ್ಬರೂ, ಐವತ್ತರ ಹತ್ತಿರ ಬಂದ ಇಬ್ಬರು. ಅತ್ತೆ ಮಾತ್ರ ದಿನವೂ ಅದನ್ನೆತ್ತಿ, ಅಡಿಯ ಧೂಳು ಒರೆಸಿ, ಇದ್ದ ಹಾಗೇ ಇಡುತ್ತಿದ್ದರು, ಒಂದು ದಿನ ನೋಡಿದರೆ ಎಣ್ಣೆ ಕೈ ತಾಗದಿರಲಿ ಅಂತ ಪ್ಲಾಸ್ಟಿಕ್ ಹೊದಿಕೆ ಹಾಕಿ ಸುತ್ತ ಹೊಲಿದಿದ್ದರು, ಅಷ್ಟು ಸಣ್ಣ ಹೊಲಿಗೆ, ಈ ವಯಸ್ಸಿನ ಕಣ್ಣಲ್ಲಿ. ಇದೂ ಸರಿ, ಅಂದರು ಸಾಹೇಬರು. ಎರಡು.

ಮೊನ್ನೆ ಸಾಹೇಬರು ಟ್ಯಾಂಕರ್ ನೋಡಲು ಬಂದವರು ಮೊದಲು ಕಾರ್ಡು ಕೇಳಿದರು, ಹೊಲಿಗೆ ಬಿಚ್ಚಿ ತಾರೀಖು ಎಣಿಸಿದರು, ಹನ್ನೊಂದು ದಿನ ಮೀರಿದೆ ಅಂದರು, ಸಾವು ತಿಳಿಸುವವರ ಹಾಗೆ ಮೆಲ್ಲಗೆ. ಯಾಕೆ ಸಹಿಯಿಲ್ಲ ಅಂತ ಕೇಳಿದರು. ಕಾರ್ಡು ಫ್ಯಾಕ್ಟರಿಯಲ್ಲಿ ಇರಲಿಲ್ಲ ಸಾರ್, ಅಂದರು ಇವರು. ಮನೆಯಲ್ಲಿತ್ತು, ಅಂದೆ ನಾನು. ಯಾರ ಮನೇಲಿ. ನಮ್ಮ ಮನೇಲಿ. ಸಾಹೇಬರು ಇವರನ್ನು ನೋಡಿದರು, ನನ್ನನ್ನು ನೋಡಿದರು. ನಿಮ್ಮ ಮನೇಲಿ ಪೆನ್ನಿರಲಿಲ್ವಾ. ಇಬ್ಬರೂ ನೆಲ ನೋಡಿದೆವು, ನೆಲದ ಮೇಲೂ ಚುಕ್ಕೆ. ನಗಬಹುದಿತ್ತು ಅವರು, ನಗಲಿಲ್ಲ, ದೊಡ್ಡ ಮನುಷ್ಯ, ಹೊಸಬರಂತೆ ಪರೀಕ್ಷೆ ಕೊಡಮ್ಮಾ, ಬೇರೆ ದಾರಿ ನನ್ನ ಕೈಯಲ್ಲಿಲ್ಲ, ಪೆಟ್ರೋಲಿಗೆ ನಿಮ್ಮ ಹೆಸರು ಗೊತ್ತಿರಲ್ಲ, ಅಂದರು. ಸರಿಯಾದ ಮಾತೇ. ಸ್ಟೋರಿನ ಅಜ್ಜ ನಿನ್ನೆ ಬೆಳಕು ಹರಿಯುವ ಮೊದಲೇ ಬಂದು ವೆಲ್ಡಿಂಗ್ ಕಡ್ಡಿಗಳನ್ನು ಒಲೆಯಲ್ಲಿ ಬಿಸಿಗಿಟ್ಟಿದ್ದ, ತೇವವಿದ್ದರೆ ಬೆಸುಗೆಯೊಳಗೆ ಗಾಳಿಗುಳ್ಳೆ ಬರುತ್ತದೆ, ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡು ತಂದ, ಮಗುವನ್ನು ತಂದ ಹಾಗೆ, ತಗೊಳವ್ವ, ಒಂದನ್ನೂ ತಣ್ಣಗಾಗೋಕೆ ಬಿಟ್ಟಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಮೂರನೆಯದು ಬಗ್ಗುತ್ತಿದೆ. ನಿನ್ನೆ ಹಲಗೆ ನಿಲ್ಲಿಸಿ ಕೆಳಗಿಂದ ಮೇಲಕ್ಕೆ ಬೆಸೆದೆ, ಕೈಗೆ ಎಲ್ಲ ಗೊತ್ತು, ಕೆಡಿಸುವುದು ತಲೆಯೇ. ಮೂರೂ ಸರಿ, ಅಂದರು. ಮೂರು. ಇನ್ನೊಂದು. ಅದೇ ಇದೆ, ಆ ಇನ್ನೊಂದು.

ನಾಲ್ಕನೆಯದರ ತುದಿಯಲ್ಲಿ ಸೀಮೆಸುಣ್ಣದ ಗೀಟು, ನಿಲ್ಲಿಸಿದ ಜಾಗದ ಗುರುತು, ಬೆಸೆಯುವಾಗ ನಡುವೆ ಒಮ್ಮೆ ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಅದೂ ಪರೀಕ್ಷೆಯ ಭಾಗ, ಬೆಸುಗೆ ಸೋಲುವುದಿದ್ದರೆ ಅಲ್ಲೇ ಸೋಲುತ್ತದೆ ಅಂತ ಸಾಹೇಬರಿಗೂ ಗೊತ್ತು ನನಗೂ ಗೊತ್ತು. ನಿನ್ನೆ ನಿಲ್ಲಿಸಿ ಅಂದರು, ನಿಲ್ಲಿಸಿದೆ, ಮುಖದ ಕವಚ ಎತ್ತಿದೆ, ಗಾಜಿನಾಚೆ ಇವರು, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದಾರೆ, ಕಾಲರಿನ ಒಂದು ಕಿವಿ ಮೇಲೆ ಒಂದು ಕೆಳಗೆ, ಇಡೀ ದಿನ ಹೀಗೇ ಓಡಾಡಿದ್ದಾರೆ, ಕ್ರೇನಿನವನೂ ನೋಡಿರುತ್ತಾನೆ, ಕೈಸನ್ನೆ ಮಾಡಲೇ, ಬೇಡ, ಗುಂಡಿ ಮನೆಯ ವಿಷಯ — ಅಷ್ಟರಲ್ಲಿ ತಂತಿ ಬ್ರಷ್ಷಿನಿಂದ ಹತ್ತು ಸಲ ಉಜ್ಜುವಲ್ಲಿ ಎಷ್ಟು ಉಜ್ಜಿದೆ, ಏಳೇ, ಎಂಟೇ, ಕವಚ ಇಳಿಸಿದೆ, ಶುರು ಮಾಡಿದೆ, ಗುಂಡಿ. ಈಗ ಪ್ರೆಸ್ಸಿನಲ್ಲಿ ನಾಲ್ಕನೆಯದು. ಬಗ್ಗುತ್ತಿದೆ. ಗುಂಡಿಗಾಗಿ ಗೇಟಿನ ಶೆಡ್ಡಿಗೆ ಹೋದವಳು ಅಂತ ನನ್ನನ್ನು ನೆನೆಯುತ್ತಾರೆ. ಬಗ್ಗಿತು. ಸಾಹೇಬರು ಭೂತಗನ್ನಡಿ ಹಿಡಿದು ಪಟ್ಟಿಯ ಮೇಲೆ ಬಾಗಿದರು. ಇದೆ. ಇಲ್ಲಿಂದಲೇ ಕಾಣುತ್ತದೆ, ಬಗ್ಗಿ ಹೊಳೆಯುವ ಬೆನ್ನಿನ ಮೇಲೆ, ಗೀಟಿನ ನೇರಕ್ಕೆ, ಕಪ್ಪು ಚುಕ್ಕೆ. ಸ್ಕೇಲು ತೆಗೆದರು, ಇಟ್ಟರು, ಕಿಟಕಿಯ ಬೆಳಕಿಗೆ ಹೋದರು, ಮತ್ತೆ ಇಟ್ಟರು, ಸ್ಟೋರಿನ ಅಜ್ಜ ಬಟ್ಟೆ ಹಿಂಡುತ್ತಿದ್ದಾನೆ. ಎರಡು, ಅಂದರು ಸಾಹೇಬರು. ಎರಡೂ ಕಾಲು ಅಂತಲೇ ಇಟ್ಕೊಳ್ಳಿ. ಮೂರರ ಒಳಗಿದೆ. ಪಾಸು ಅಮ್ಮಾ. ಯಾರೋ ಬೆನ್ನು ತಟ್ಟಿದರು, ಅಜ್ಜ ಇರಬೇಕು, ಬಾಗಿಲು ತೆರೆಯಿತು, ಇವರು ಒಳಗೆ ಬಂದರು, ಎಲ್ಲರ ಮುಂದೆ, ಸಾಹೇಬರ ಮುಂದೆ, ದಿನಾ ನೋಡ್ತಿದ್ದೆ ಕಣೇ ಆ ಕಾರ್ಡು, ಅಂದರು, ದಿನಾ. ನೀನು ಕೇಳ್ಲಿ ಅಂತ ಕಾಯ್ತಾ ಕೂತೆ. ಇದು ಮನೆಯ ಮಾತೋ ಫ್ಯಾಕ್ಟರಿಯ ಮಾತೋ, ನಾನೂ ನೋಡ್ತಿದ್ದೆ ರೀ ಅನ್ನಬೇಕು, ಕೈ ಅದಾಗಲೇ ಇವತ್ತೂ ಮನೆ ತಪ್ಪಿದ ಇವರ ಅಂಗಿಯ ಗುಂಡಿ ಬಿಚ್ಚಿ ಸರಿಯಾದ ಮನೆಗೆ ಹಾಕುತ್ತಿದೆ, ಸಾಹೇಬರು ಅತ್ತ ತಿರುಗಿ ಸುಮ್ಮನೆ ಏನೋ ಬರೆಯತೊಡಗಿದರು, ನನ್ನ ಕಣ್ಣು ಮಾತ್ರ ಮೇಜಿನ ಮೇಲಿನ ಪಟ್ಟಿಯನ್ನು ಬಿಡುತ್ತಿಲ್ಲ, ಪಾಸು, ಆದರೂ ಅದು ಅಲ್ಲೇ ಇದೆ, ನಿಲ್ಲಿಸಿ ಮತ್ತೆ ಶುರು ಮಾಡಿದ ಜಾಗದಲ್ಲಿ, ಗುಂಡುಸೂಜಿಯ ತಲೆಯಷ್ಟು, ಎರಡು, ಎರಡೂ ಕಾಲು, ಆ ಚುಕ್ಕೆ, ಚುಕ್ಕೆ