ಮೂರು ಬೆರಳಿನ ಮಡಿಕೆ

ಶಾಲೆಯ ಆಫೀಸಿನ ಮೇಜಿನ ಮೇಲಿದ್ದ, ಮಗಳ ತರಗತಿಯ ಹುಡುಗಿಯೊಬ್ಬಳ ಸ್ವೆಟರ್ ನೋಡಿದ ಕೂಡಲೇ ಇಸ್ತ್ರಿ ಅಂಗಡಿಯವಳಿಗೆ ಮಡಿಕೆಯ ಗುರುತು ಹತ್ತಿತು. ಹೆಡ್ ಮಿಸ್ ಅದನ್ನು ಸಿಕ್ಕಿದಾಗ ಇದ್ದ ಹಾಗೆಯೇ ಇಟ್ಟಿದ್ದರು. ತೋಳುಗಳು ಬೆನ್ನಿಗೆ, ಕೆಳಗಿನ ಅಂಚು ಮೂರು ಬೆರಳಿನಷ್ಟು ಒಳಕ್ಕೆ, ಆಮೇಲೆ ಅಡ್ಡಕ್ಕೊಂದು ಮಡಿಕೆ. ಬಿಚ್ಚಿದರೆ ಎದೆಯುದ್ದಕ್ಕೂ ಬ್ಲೇಡಿನಿಂದ ಸೀಳಿದ ಗೆರೆ.

ಹಾಗೆ ಮಡಚುವವರು ಊರಲ್ಲಿ ಇನ್ಯಾರೂ ಇಲ್ಲ. ಇಸ್ತ್ರಿಪೆಟ್ಟಿಗೆ ತಾಗಿ ಬಟ್ಟೆ ಸುಟ್ಟಾಗ ಕಲೆ ಒಳಗೆ ಸೇರಲಿ ಎಂದು ಅವಳೇ ಕಂಡುಕೊಂಡ ಉಪಾಯ ಅದು. ಗಿರಾಕಿ ವಾಪಸು ಬಂದರೆ, ನಿಮ್ಮ ಮನೆಯಲ್ಲಿ ಏನಾಯಿತೋ ನನಗೇನು ಗೊತ್ತು ಎಂದು ಸಾಧಿಸಿಬಿಡುತ್ತಿದ್ದಳು. ಹೋದ ವರ್ಷ ನರ್ಸಮ್ಮ ಒಬ್ಬರು ಜಗ್ಗದೆ ನಿಂತಾಗ, ತಪ್ಪನ್ನು ಕೆಲಸದ ಅಜ್ಜಿಯ ತಲೆಗೆ ಕಟ್ಟಿ, ನಿಂತ ಕಾಲಲ್ಲೇ ಹೊರಗೆ ಕಳಿಸಿದ್ದಳು. ಹದಿಮೂರು ತುಂಬಿದ್ದ ಮಗಳು ಮೂಲೆಯಲ್ಲಿ ಹೋಂವರ್ಕ್ ಬರೆಯುತ್ತಿದ್ದವಳು ತಲೆಯೆತ್ತಿ, "ಅಮ್ಮಾ, ನೀನು ಎಂಥ ಕಿಲಾಡಿ" ಅಂದಿದ್ದಳು. ತಾಯಿಗೆ ಹೆಮ್ಮೆಯೇ ಆಗಿತ್ತು.

ಇವತ್ತು ಆಟದ ಪೀರಿಯಡ್ಡಿನಲ್ಲಿ ತರಗತಿಯಲ್ಲಿ ಉಳಿದವರು ಇಬ್ಬರೇ: ಇವಳ ಮಗಳು, ಶಾಲೆಯ ಆಯಾಳ ಮಗಳು. ಮಾಡಿದವಳಿಗೆ ಇವತ್ತೇ ಟಿ.ಸಿ. ಎಂದರು ಹೆಡ್ ಮಿಸ್. ಆಯಾಳ ಹುಡುಗಿ ಅತ್ತೂ ಅತ್ತೂ ಬಿಕ್ಕುತ್ತಿದ್ದಳು. ಇವಳ ಮಗಳು ಮಾತ್ರ, ಅವಳೇ ಬ್ಲೇಡು ಹಿಡಿದಿದ್ದನ್ನು ನಾನು ಕಂಡೆ ಎಂದು ಮೂರನೆಯ ಸಲವೂ ಒಂದಕ್ಷರ ತಪ್ಪದೆ ಹೇಳಿದಳು.

"ನೀವೇನಂತೀರಮ್ಮ?" ಹೆಡ್ ಮಿಸ್ ತಾಯಿಯ ಕಡೆ ತಿರುಗಿದರು.

ಬಾಗಿಲ ಬಳಿ ಪೊರಕೆ ಹಿಡಿದೇ ನಿಂತಿದ್ದ ಆಯಾ ಇಸ್ತ್ರಿಯವಳನ್ನೇ ನೋಡುತ್ತಿದ್ದಳು. ಈ ಮಡಿಕೆ ನನ್ನದು ಎಂಬ ಒಂದು ಮಾತು ಸಾಕಿತ್ತು.

"ನನ್ನ ಮಗಳು ಅಂಥವಳಲ್ಲ ಮೇಡಂ."

ಆಯಾ ಪೊರಕೆಯನ್ನು ಗೋಡೆಗೆ ಒರಗಿಸಿ, ಮಗಳ ಬ್ಯಾಗು ತರಲು ಹೋದಳು.

ದಾರಿಯಲ್ಲಿ, ಎಷ್ಟೋ ತಿಂಗಳ ಮೇಲೆ, ಮಗಳು ಅವಳ ಕೈ ಹಿಡಿದುಕೊಂಡಳು.

"ಗುರುತು ಸಿಕ್ತು ಅಲ್ವಾ ನಿಂಗೆ?"

ತಾಯಿ ನಡಿಗೆ ಚುರುಕು ಮಾಡಿದಳು.

"ನಾನೇ ಅಂತ ತಿಳಿದ್ರೂ ನೀನು ಬಾಯಿ ಬಿಡಲ್ಲ ಅಂತ ಗೊತ್ತಿತ್ತು. ಅದಕ್ಕೇ ಹಂಗೆ ಮಡಚಿದ್ದು."

ಸ್ವಲ್ಪ ದೂರ ನಡೆದ ಮೇಲೆ, ಆ ಸ್ವೆಟರಿನ ಹುಡುಗಿ ನಿನಗೇನು ಮಾಡಿದ್ದಳು ಎಂದು ತಾಯಿ ಕೇಳಿದಳು.

"ಏನಿಲ್ಲ. ಸುಮ್ನೆ."

ಅಂಗಡಿ ಬಂತು. ಮಗಳು ಕೈ ಬಿಟ್ಟು ಮುಂದೆ ಓಡಿ, ಒಂದೇ ಎಳೆತಕ್ಕೆ ಷಟರ್ ಎತ್ತಿದಳು. ಒಳಗೆ ನಿನ್ನೆಯ ಬಟ್ಟೆಗಳು ರಾಶಿ ಬಿದ್ದಿದ್ದವು. ತಾಯಿ ಹೊರಗೇ ನಿಂತಳು.