ರಂಡೇರ ಚಾಳ

ಮೊನ್ನೆ ನಾನು ಫೋನಿನಲ್ಲಿ ಹೇಳಿ ಕಳಿಸಿದ್ದನ್ನು ಕೇಳಿ ನಕ್ಕಿರಂತೆ. "ಗಂಡ ಬದುಕಿರುವಾಗಲೇ ಸತ್ತ ಅಂತ ಯಾವ ಹೆಂಗಸು ಬರೆಸುತ್ತಾಳೆ, ಮುದುಕನಿಗೆ ಅರಳುಮರಳು" ಅಂದಿರಂತೆ. ನಗಿ. ನಿಮಗೆ ನಿನ್ನೆ ತಿಂದ ಪಲ್ಯ ನೆನಪಿರುವುದಿಲ್ಲ, ನನ್ನ ತಲೆ ತೂಗಲು ಬರುತ್ತೀರಿ. ಹಲ್ಲು ಹೋಗಿವೆ, ಮೊಣಕಾಲು ಹೋಗಿವೆ, ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ. ನಡುವೆ ಕೆಮ್ಮು ಬಂದರೆ ಕಾಯಿರಿ. ನೆನಪು ಮಾತ್ರ ಎಲ್ಲೂ ಹೋಗಿಲ್ಲ. ನನ್ನನ್ನು ಸಾಯಿಸಿದ ದಿನವನ್ನು ನಾನು ಹೇಗೆ ಮರೆಯಲಿ?

ಶಹಾಬಾದಿನಿಂದ ವಾಡಿಗೆ ಹೋಗುವ ರೈಲು ಹಳಿಯ ಆಚೆ ನಮ್ಮ ಖಣಿ ಓಣಿ ಇತ್ತು. ಗಣಿಯಿಂದ ಫರ್ಸಿ ಹಾಸುಗಲ್ಲು ಎಬ್ಬಿಸುವವರ ಓಣಿ. ಆಡಕಿಯಿಂದ ಬಂದವರು, ತೆಂಗಳಿಯಿಂದ ಬಂದವರು, ಚಿಂಚೋಳಿ ಕಡೆಯ ತೆಲುಗು ಮಾತಿನವರು, ತಲೆತಲಾಂತರದಿಂದ ಅಲ್ಲೇ ಇದ್ದ ಮುಸಲ್ಮಾನರು. ಹೊಲ ಇಲ್ಲದವರೆಲ್ಲ ಬಂದು ಕಲ್ಲಿಗೆ ಬಿದ್ದಿದ್ದೆವು. ಫರ್ಸಿಯನ್ನು ನಿಲ್ಲಿಸಿದರೆ ಗೋಡೆ, ಮಲಗಿಸಿದರೆ ಮಾಳಿಗೆ. ಮನೆಗೆ ಬೇರೇನೂ ಬೇಕಿರಲಿಲ್ಲ. ಖಣಿ ಅಯ್ಯಪ್ಪ ಸಾವಕಾರನದು. ಕಲ್ಲು ಮುಗಿದ ಜಾಗದಲ್ಲಿ ನಮ್ಮನ್ನು ಇರಗೊಟ್ಟಿದ್ದ. ದಯೆಯಿಂದಲ್ಲ, ಆಳು ಕೈಗೆ ಹತ್ತಿರ ಇರಲಿ ಎಂದು.

ಆಮೇಲೆ ಹಳಿಯ ಈಚೆ ಊರು ಬೆಳೆಯಿತು. ಸಿಮೆಂಟಿನ ಕೆಲಸಕ್ಕೆ, ರೈಲ್ವೆ ಕೆಲಸಕ್ಕೆ ಹೊರಗಿನ ಜನ ಬಂದರು. ಸೊಲ್ಲಾಪುರದವರು, ಗುಂಟೂರಿನವರು, ಮಲಯಾಳದವರು. ಇಸ್ತ್ರಿ ಅಂಗಿಯ ಜನ. ಅವರಿಗೆ ಬಾಡಿಗೆ ಮನೆ ಸಾಲಲಿಲ್ಲ. ಹೊಸ ಬಡಾವಣೆ ಬೇಕೆಂದರು. ಎಲ್ಲರ ಕಣ್ಣು ಹಳಿ ದಾಟಿ ನಮ್ಮ ಮೇಲೆ ಬಿತ್ತು.

ಅದು ಎಮರ್ಜೆನ್ಸಿಯ ಕಾಲ. ಮಕ್ಕಳಾಗದ ಹಾಗೆ ಗಂಡಸರಿಗೆ ಆಪರೇಶನ್ ಮಾಡಿಸುವ ಜೀಪು ಊರೂರು ತಿರುಗುತ್ತಿತ್ತು. ಚಿತ್ತಾಪುರದ ಸಂತೆಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದವನನ್ನು ಎತ್ತಿಕೊಂಡು ಹೋದರು ಎಂದು ಒಂದು ಸುದ್ದಿ, ಲಗ್ನವಾಗದವನಿಗೂ ಕತ್ತರಿ ಹಾಕಿದರು ಎಂದು ಇನ್ನೊಂದು. ನನಗೂ ಸುಂದರಬಾಯಿಗೂ ಎರಡು ಕೂಸು ಹುಟ್ಟಿದ್ದವು. ಖಣಿಯ ನೀರು ಕುಡಿದು ವಾಂತಿಭೇದಿಯಾಗಿ ಎರಡೂ ಹೋದವು. ಜೀಪಿನ ಸದ್ದು ಕೇಳಿದರೆ ಅವಳು ನನ್ನ ಅಂಗಿಯ ಚುಂಗು ಹಿಡಿದು ಬಿಡುತ್ತಿರಲಿಲ್ಲ. "ನಂಗ ಒಂದ್ ಕೂಸ್ ಕೊಡ್ರಿ, ಆಮ್ಯಾಲ ಎಲ್ಲಿಗರೆ ಹೋಗ್ರಿ" ಎನ್ನುತ್ತಿದ್ದಳು.

ಖಣಿಯಲ್ಲಿ ಮದ್ದು ಹಾರಿಸುವ ಮೊದಲು ತೂಗುಬಿಟ್ಟ ಫರ್ಸಿಗೆ ಸುತ್ತಿಗೆಯಿಂದ ಬಾರಿಸುವ ರೂಢಿ. ಒಳ್ಳೆಯ ಫರ್ಸಿ ಗಂಟೆಯ ಹಾಗೆ ಕೂಗುತ್ತದೆ. ಕೇಳಿದವನು ಕೈಯಲ್ಲಿದ್ದದ್ದು ಬಿಟ್ಟು ಹಳೆಯ ಗುಂಡಿಯ ಗವಿಗೆ ಓಡಬೇಕು. ಜೀಪಿಗೂ ಅದನ್ನೇ ಮಾಡಿಕೊಂಡೆವು. ಓಣಿಯ ಬಾಯಲ್ಲಿ ಜೈತುನ್ಬೀಯ ಮನೆ. ಜೀಪು ಕಂಡರೆ ಅವಳು ಬಾರಿಸಬೇಕು, ಗಂಡಸರು ಮಕ್ಕಳು ಗವಿ ಸೇರಬೇಕು, ಹೆಂಗಸರು ಮಾತಾಡಬೇಕು.

ಅವತ್ತು ಬಾರಿಸಿದಳು. ಗವಿ ಸೇರಿದೆವು. ಜೀಪಿನಿಂದ ಇಳಿದವರು ಆಸ್ಪತ್ರೆಯ ಜನ ಅಲ್ಲ, ಬಡಾವಣೆಯ ನಕ್ಷೆ ಬರೆಯಲು ಓಣಿಯ ಜನ ಎಣಿಸಲು ಬಂದವರು. ನಮಗೆ ಹೇಗೆ ಗೊತ್ತಾಗಬೇಕು? ಮನೆಯಲ್ಲಿ ಎಷ್ಟು ಗಂಡಸರು, ಎಷ್ಟು ಮಕ್ಕಳು, ಇವರು ಕೇಳಿದ್ದೂ ಅದೇ, ಅವರು ಕೇಳುವುದೂ ಅದೇ. ನಮ್ಮ ಮನೆ ಗವಿಯ ನೆತ್ತಿಯ ಮೇಲಿತ್ತು. ಮೇಲಿನ ಮಾತು ನನ್ನ ಕಿವಿಗೇ ಬಿತ್ತು.

"ಏನಮ್ಮ, ಯಜಮಾನ್ರು ಎಲ್ಲಿ?" ಮೈಸೂರು ಕಡೆಯ ಮೆತ್ತಗಿನ ಮಾತು.

"ತೀರ್ಕೊಂಡಾರ್ರಿ."

"ಅಯ್ಯೋ ಪಾಪ. ಯಾವಾಗ?"

"ಹ್ವಾದ ಅಮಾಸಿಗಿ."

"ಮಕ್ಕಳು?"

"ಇಲ್ರಿ."

"ಮತ್ತೆ ಇಷ್ಟೊಂದು ರೊಟ್ಟಿ ಯಾರಿಗೆ?"

"ನನಗ್ರಿ ಸಾಹೇಬ್ರ. ದುಃಖದಾಗ ಹಸಿವು ಭಾಳ ಆಗ್ತದ್ರಿ."

ಕತ್ತಲಲ್ಲಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ ಅಬ್ದುಲ್ ಮಜೀದ ಬಾಯಿಗೆ ರುಮಾಲು ತುರುಕಿಕೊಂಡು ನಕ್ಕ. "ನಿನ್ನ ಮಣ್ಣಿಗಿ ಬರ್‍ಲಿಕ್ಕ ಆಗ್ಲಿಲ್ಲೋ ಭಾಡ್ಯಾ, ಮಾಫ್ ಮಾಡು" ಎಂದ. ಅವನು ಜೈತುನ್ಬೀಯ ಗಂಡ. ಓಣಿಯ ಬಾಯಲ್ಲಿ ಅವನ ಹೆಂಡತಿ ಆಗಲೇ ಅವನನ್ನೂ ಮುಗಿಸಿದ್ದಳು, ಅದು ಅವನಿಗೆ ತಿಳಿದಿರಲಿಲ್ಲ.

ಆ ಸಂಜೆ ಓಣಿಯಲ್ಲಿ ಹಬ್ಬ. ಯಾರು ಗಂಡನನ್ನು ಹಾವಿಗೆ ಕೊಟ್ಟಳು, ಯಾರು ರೈಲಿಗೆ ಕೊಟ್ಟಳು ಎಂದು ಹೇಳಿ ಹೇಳಿ ನಕ್ಕೆವು. ಜೀಪಿನವರಿಗೆ ಮಣ್ಣು ತಿನ್ನಿಸಿದೆವು ಅಂದುಕೊಂಡೆವು.

ಯುಗಾದಿ ಮುಗಿದ ಮೇಲೆ ಬಡಾವಣೆಯ ಆಫೀಸಿನ ಅಂಗಳದಲ್ಲಿ ಸಭೆ ಕರೆದರು. ಗೋಡೆಗೆ ದೊಡ್ಡ ನಕ್ಷೆ. ಖಣಿ ಓಣಿ ಇದ್ದಲ್ಲಿ ಅಗಲ ರಸ್ತೆ, ಸಾಲು ಮನೆ, ಹೂವಿನ ತೋಟ. ಅವತ್ತಿನ ಮೈಸೂರು ಮಾತಿನವನೇ ನಕ್ಷೆ ಸಾಹೇಬ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಬರುತ್ತಿದ್ದೆವು.

"ಈ ಭಾಗದಲ್ಲಿ ದುಡಿಯೋ ಗಂಡಸರಿಲ್ಲ, ಮಕ್ಕಳಿಲ್ಲ. ಜನವಸತಿ ತಾನಾಗೇ ಮುಗೀತಾ ಇದೆ" ಎಂದ. "ಆದರೂ ಆ ಬಡ ವಿಧವೆಯರಿಗೆ ಅನ್ಯಾಯ ಆಗಬಾರದು. ಅದಕ್ಕೇ ಮೂಲೆಯಲ್ಲಿ ಅವರಿಗೆ ಒಂದೊಂದು ಕೋಣೆಯ ಸಾಲು ಹಾಕಿದ್ದೀನಿ." ಹೇಳಿ ನಕ್ಷೆಯ ಆ ಮೂಲೆಯನ್ನು ಬೆರಳಿನಿಂದ ಸವರಿದ.

ನಾನು ಎದ್ದು ನಿಂತೆ. "ಸಾಹೇಬ್ರ, ನಾ ಜೀವಂತ ಇದ್ದೀನ್ರಿ. ಸುಂದರಬಾಯಿ ಗಂಡ."

ಅಯ್ಯಪ್ಪ ಸಾವಕಾರ ಕುರ್ಚಿಯಲ್ಲೇ ತಿರುಗಿದ. ನನ್ನ ಕೈಗೆ ಮೊದಲ ಸುತ್ತಿಗೆ ಕೊಟ್ಟವನೇ ಅವನು. "ಏ ಬೋಳಿಮಗನ, ಯಾರೋ ನೀ? ಸತ್ತ ಮನಶಾ ಸಭಾದಾಗ ಎದ್ದು ಮಾತಾಡ್ತಾನೇನೋ?"

ಇಸ್ತ್ರಿ ಅಂಗಿಗಳು ನಕ್ಕವು. ಸಾವಕಾರನ ಪಕ್ಕದಲ್ಲಿ ಆಪರೇಶನ್ ಜೀಪಿನ ಇನ್ಸ್‌ಪೆಕ್ಟರ್ ಕುಳಿತಿದ್ದ. ಅವನು ನಗಲಿಲ್ಲ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ.

"ಜೀವಂತ ಇದ್ದಿ ಅಂದ್ರ ಭಾಳ ಚಲೋ ಆತು. ಹೊರಗ ಜೀಪ್ ನಿಂತದ. ಆಪರೇಶನ್ ಮಾಡಿಸ್ಕೊಂಡು ಚೀಟಿ ತಗೊಂಬಾ, ಬದುಕಿದವರಾಗ ನಿನ್ನ ಹೆಸರು ಹಾಕ್ತಾರ. ಜಾಗಾ ಸಿಗ್ತದ."

"ನಂಗ ಮಕ್ಕಳಿಲ್ರಿ."

"ಆಮ್ಯಾಲೂ ಆಗಂಗಿಲ್ಲ. ಚಿಂತಿ ಬಿಡು."

ಸುಂದರಬಾಯಿ ಹಿಂದಿನಿಂದ ನನ್ನ ಧೋತರ ಜಗ್ಗಿದಳು. ಕುಳಿತೆ. ಮಕ್ಕಳೊಂದಿಗರಾದ ಇಬ್ಬರು ಎದ್ದು ಜೀಪು ಹತ್ತಿದರು. ಅವರಿಗೆ ಕೊಟ್ಟ ಜಾಗ ಯಾವುದು ಗೊತ್ತೇ? ಮಳೆಗಾಲದಲ್ಲಿ ಎದೆಮಟ್ಟ ನೀರು ನಿಲ್ಲುವ ಹಳೆಯ ಗುಂಡಿ. ಅದನ್ನು ನೋಡಿದ ಮೇಲೆ ಮಿಕ್ಕವರು ಸತ್ತೇ ಇರೋಣ ಎಂದೆವು. ಹೆಂಗಸರಿಗಾದರೂ ಸೂರು ಸಿಗಲಿ. ಮಕ್ಕಳೂ ಇಲ್ಲ ಎಂದು ಬರೆಸಿಯಾಗಿತ್ತಲ್ಲ, ಮಜೀದ ತನ್ನ ಮಕ್ಕಳನ್ನು ತೆಂಗಳಿಯ ಅಜ್ಜಿಯ ಮನೆಗೆ ಅಟ್ಟಿದ.

ಮನೆಗಳನ್ನು ನಾವೇ ಕಳಚಿದೆವು. ಫರ್ಸಿ ಒಡೆಯದಂತೆ ಇಳಿಸಲು ಸಾವಕಾರನಿಗೆ ಬೇರೆ ಯಾರು ಸಿಗಬೇಕು? ನಮ್ಮ ಗೋಡೆಗಳನ್ನೇ ತಂದು ಬಡಾವಣೆಯ ರಸ್ತೆಬದಿಗೆ ಹಾಸಿದೆವು.

ವಿಧವೆಯರ ಸಾಲಿನ ಉಸ್ತುವಾರಿ ಮಠದ ಗುರುಲಿಂಗಯ್ಯನದು. ಕೋಣೆಯ ಕೀಲಿ ಕೊಡುವ ದಿನ ಹೆಂಗಸರು ಸಾಲಾಗಿ ನಿಂತರು. ಅಯ್ಯ ಕೀಲಿಯ ಗೊಂಚಲನ್ನು ಬೆರಳಿಗೆ ಸಿಕ್ಕಿಸಿಕೊಂಡು ಎಲ್ಲರ ಕೈ ನೋಡಿದ.

"ಏನವ್ವ, ರಂಡೇರ ಕೈಯಾಗ ಹಸಿರ ಬಳಿ? ನಾಕ ಮಂದಿ ನೋಡಿದ್ರ ಏನಂದಾರು? ಒಡೀರಿ ಮೊದಲ. ಆಮ್ಯಾಲ ಕೀಲಿ."

ಜೈತುನ್ಬೀ ಮುಂದೆ ಬಂದಳು. "ಅಯ್ಯನೋರ, ನಾವು ಮುಸಲ್ಮಾನ್ರು. ನಿಮ್ಮ ಶಾಸ್ತ್ರ ನಮಗ ಎದಕ್ರಿ?"

"ಗಂಡ ಸತ್ತಮ್ಯಾಲ ಎಲ್ಲಾ ಜಾತೀನೂ ಒಂದ ನೋಡವ್ವ" ಎಂದ ಅಯ್ಯ. ಬಸವಣ್ಣನ ಮಠದವನು, ಸಮಾನತೆ ಅವನಿಗೆ ಅಲ್ಲಿ ನೆನಪಾಯಿತು.

ಹೆಂಗಸರು ಹೊಸ ಹೊಸ್ತಿಲಿಗೆ ಕೈ ಬಡಿದರು. ನಾವು ಗಂಡಂದಿರು ಎದುರಿಗೇ ಫರ್ಸಿ ಹೊತ್ತು ನಿಂತಿದ್ದೆವು. ಒಂದು ಚೂರು ಸುಂದರಬಾಯಿಯ ಮುಂಗೈಗೆ ಚುಚ್ಚಿ ರಕ್ತ ಬಂತು. ಅವಳು ನನ್ನ ಕಡೆ ನೋಡಲಿಲ್ಲ. ನಾನು ಹೊತ್ತ ಕಲ್ಲು ಇಳಿಸಲಿಲ್ಲ. ಇಳಿಸಿದ್ದರೆ ಅಯ್ಯನ ತಲೆಯ ಮೇಲೆ ಇಳಿಸುತ್ತಿದ್ದೆ.

ಊರು ಆ ಸಾಲಿಗೆ ರಂಡೇರ ಚಾಳ ಎಂದು ಹೆಸರಿಟ್ಟಿತು. ಗಂಡಸಿನ ನೆರಳು ಕಂಡರೆ ಕೋಣೆ ಹೋಯಿತು. ಅಯ್ಯ ಹೊತ್ತಿಲ್ಲ ಗೊತ್ತಿಲ್ಲ ಬಂದು ಇಣುಕುತ್ತಿದ್ದ. ನಾವು ವಾಡಿ ಟೇಶನ್ನಿನಲ್ಲಿ ಮಲಗುತ್ತಿದ್ದೆವು. ಹಗಲು ಅದೇ ಸಾವಕಾರನ ಕೂಲಿ. ಬಟವಾಡೆಯ ದಿನ ಅವನು ಅರ್ಧ ಕೊಟ್ಟು, "ಸತ್ತವನಿಗಿ ಪೂರಾ ಪಗಾರ ಕೊಟ್ರ ಸರ್ಕಾರ ನನ್ನ ಹಿಡೀತದಪ್ಪಾ" ಎಂದು ಎಲೆಅಡಿಕೆ ಉಗುಳುತ್ತಿದ್ದ. ಹೆಂಡತಿಯನ್ನು ನಾನು ನೋಡುತ್ತಿದ್ದದ್ದು ಮಧ್ಯಾಹ್ನದ ರೊಟ್ಟಿಯ ಹೊತ್ತಿನಲ್ಲಿ, ಖಣಿಯ ಮರೆಯಲ್ಲಿ. ಲಗ್ನವಾದ ಹೆಣ್ಣನ್ನು ಕಳ್ಳನ ಹಾಗೆ.

ದಸರೆಯ ಹೊತ್ತಿಗೆ ಒಂದು ದಿನ ಅವಳು ರೊಟ್ಟಿ ಮುಟ್ಟಲಿಲ್ಲ. "ಹೊಟ್ಟ್ಯಾಗ ನಿಂತದ್ರಿ" ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ.

"ರಂಡಿ ಹೊಟ್ಟಿ ದೊಡ್ಡದಾದ್ರ ಕೀಲಿ ಕಸೀತಾರ. ನಾ ಜೀವಂತ ಇದ್ದೀನಿ ಅಂತ ನೀವು ಬಂದ್ರ ಜೀಪ್ ಒಯ್ತದ."

"ಒಯ್ಲಿ ಬಿಡು. ಕೂಸಂತೂ ಬಂದದಲ್ಲ."

"ಹಿಂದಿನ ಎರಡೂ ಬಂದಿದ್ವಲ್ರಿ."

ಇದೂ ಹೋದರೆ, ನನಗೆ ಕತ್ತರಿ ಬಿದ್ದಿದ್ದರೆ, ಅವಳ ಮಡಿಲು ಮುಗಿಯಿತು. ರೊಟ್ಟಿ ಮುರಿದು ಅವಳ ಕೈಗಿಟ್ಟೆ.

ಎಷ್ಟು ದಿನ ಸೆರಗು ಮುಚ್ಚೀತು? ನೀರಿನ ಟಾಕಿಯ ಹತ್ತಿರ ಗುರುಲಿಂಗಯ್ಯ ಅವಳನ್ನು ಅಡ್ಡಗಟ್ಟಿದ. ಕೊಡ ಕೆಳಗಿಡಿಸಿ, ಕೋಲಿನ ತುದಿಯಿಂದ ಸೆರಗು ಸರಿಸಿ ನೋಡಿದ. ಸುತ್ತ ಹತ್ತಾರು ಜನ.

"ಮುಂಡೇದೇ, ಸರ್ಕಾರದ ಕೋಣ್ಯಾಗ ಕುಂತು ಬಸರಾದೇನ? ಇವತ್ತ ಹೊರಗ ಬೀಳು. ಇಲ್ಲಂದ್ರ ಬಡಾವಣಿ ಉದ್ಘಾಟನಾ ದಿವಸ ದೊಡ್ಡವರ ಮುಂದ ನಿಂತು, ನಿನ್ನ ಹೊಲಸ ಮಾಡಿದವ ಯಾರು ಹೇಳಿ ನನ್ನ ಪಾದ ಹಿಡಿ. ಪ್ರಾಯಶ್ಚಿತ್ತ ಆತು ಅಂತ ಬಿಡ್ತೀನಿ."

"ಹೇಳ್ತೀನ್ರಿ" ಎಂದು ಕೊಡ ಎತ್ತಿಕೊಂಡಳು.

ಸಂಕ್ರಾಂತಿ ಕಳೆದು ಉದ್ಘಾಟನೆ. ಪೆಂಡಾಲು, ಮೈಕು, ಕಾಗದದ ಹೂವು. ನಕ್ಷೆ ಸಾಹೇಬ, ಸಾವಕಾರ, ಮನೆ ಹಿಡಿದ ಇಸ್ತ್ರಿ ಅಂಗಿಗಳು, ಅವರ ಹೆಂಡಿರು ಮಕ್ಕಳು. ಜನ ಸೇರಿದಲ್ಲಿ ಜೀಪೂ ಇರುತ್ತಿತ್ತು. ಮೂರನೇ ಅಡ್ಡರಸ್ತೆಯ ಕೊನೆಯ ಫರ್ಸಿಗಳು ಉಳಿದಿದ್ದವು. ನಾವು ಸತ್ತವರು ಮೊಣಕಾಲೂರಿ ಅವುಗಳನ್ನು ಹಾಸುತ್ತಿದ್ದೆವು.

ಅಯ್ಯ ಸುಂದರಬಾಯಿಯನ್ನು ಎಲ್ಲರ ಮುಂದೆ ನಿಲ್ಲಿಸಿದ. "ಹೇಳು. ಯಾರವ ಬೋಳಿಮಗ?"

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಗೆ ತರುವುದಿಲ್ಲ. ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಗೆಳತಿಯರು ಚೇಷ್ಟೆಗೆ ಎಷ್ಟು ಕಾಡಿದರೂ ಸುಂದರಬಾಯಿ ತಂದವಳಲ್ಲ.

"ಚಂದ್ರಾಮ!" ಎಂದಳು. ಗೊಣಗಲಿಲ್ಲ, ಹೊಲದ ಆಚೆ ಇದ್ದವನನ್ನು ಕರೆಯುವ ಹಾಗೆ ಕೂಗಿದಳು. "ಚಂದ್ರಾಮ! ನನ ಗಂಡ ಚಂದ್ರಾಮ! ಅಕಾ ಅಲ್ಲಿ ಫರ್ಸಿ ಹಾಸ್ಲಿಕತ್ತಾರ ನೋಡ್ರಿ! ಏಳ್ರಿ ಮ್ಯಾಲ!"

ಎದ್ದೆ. ಕಾಲು ತಾನೇ ಎದ್ದಿತು.

ಚಾಳದ ಬಾಗಿಲಿನಿಂದ ಜೈತುನ್ಬೀ ಕೂಗಿದಳು. "ಅಬ್ದುಲ್ ಮಜೀದ! ಉಠೋ ಜೀ!" ಮಜೀದ ಎದ್ದ. ಆಮೇಲೆ ಯಾರು ಯಾರನ್ನು ಕರೆದರು ಲೆಕ್ಕವಿಲ್ಲ. ದೇವಿಂದ್ರಪ್ಪ ಎದ್ದ, ಅಲ್ಲಾವುದ್ದೀನ ಎದ್ದ. ರಸ್ತೆಯ ಉದ್ದಕ್ಕೂ ಧೂಳು ಬಡಿದ ಸತ್ತವರು ಸುತ್ತಿಗೆ ಹಿಡಿದು ಎದ್ದು ನಿಂತರು. ನಕ್ಷೆ ಸಾಹೇಬ ಕನ್ನಡಕ ತೆಗೆದು ಒರೆಸಿದ. ಸಾವಕಾರ ಮೈಕು ಬಂದ್ ಮಾಡಿಸಿದ.

ಜೀಪು ಸುರುವಾಯಿತು. ಪೊಲೀಸರೂ ಇದ್ದರು. ಸುತ್ತಿಗೆ ಕಸಿದರು, ಒಬ್ಬೊಬ್ಬರನ್ನೇ ತಳ್ಳಿದರು. ಮುಂದೆ ಏನಾಯಿತು ಎಂದು ಕೇಳಬೇಡಿ, ಹೇಳಿಬಿಡುತ್ತೇನೆ. ಚಾಳದ ಕೀಲಿಗಳು ಅವತ್ತೇ ಹೋದವು. ನನಗೆ ಕತ್ತರಿ ಬಿತ್ತು. ಕೂಸು ವಾಡಿ ಟೇಶನ್ನಿನ ಹಿಂದೆ ಹುಟ್ಟಿತು, ಹೆಣ್ಣು, ಬದುಕಿತು. ಅದರ ಬೆನ್ನಿಗೆ ಇನ್ನೊಂದು ಬರಲಿಲ್ಲ.

ಆದರೆ ನಾನು ಹೇಳಬೇಕಾದದ್ದು ಅದಲ್ಲ. ಜೀಪಿನ ಒಳಗೆ ಮಜೀದನ ಮೈಮೇಲೆ ಬಿದ್ದುಕೊಂಡಿದ್ದಾಗ ಹೊರಗೆ ಇನ್ನೊಂದು ದನಿ ಕೇಳಿತು. ಆ ಚಾಳದಲ್ಲಿ ಖರೇ ಗಂಡ ಸತ್ತವಳು ಒಬ್ಬಳೇ ಇದ್ದಳು, ಶರಣಬಸಮ್ಮ. ಅವಳ ಗಂಡ ಅಮೃತಪ್ಪನ ಮೇಲೆ ಖಣಿಯ ಗೋಡೆ ಕುಸಿದಿತ್ತು. ಅಗೆದು ತೆಗೆಯಲು ಕೂತರೆ ಕೆಲಸ ನಿಲ್ಲುತ್ತದೆ ಎಂದು ಸಾವಕಾರ ಮೇಲೆ ಮುರುಮು ಮಣ್ಣು ಸುರಿಸಿ ಮುಚ್ಚಿಸಿದ್ದ. ಹೊಸ ರಸ್ತೆ ಬಂದದ್ದು ಅದರ ಮೇಲೆಯೇ.

"ಅಮೃತಪ್ಪ!" ಎಂದು ಕೂಗುತ್ತಿದ್ದಳು, ನಾವು ಹಾಸಿದ ಫರ್ಸಿಯ ಮೇಲೆ ನಿಂತು. "ಏ ಅಮೃತಪ್ಪ! ಎಲ್ಲಾರೂ ಎದ್ದಾರ, ನೀವೂ ಏಳ್ರಿ!" ಹೊಸ ಮನೆಯವರು ತಮ್ಮ ಕಾಲ ಕೆಳಗೆ ನೋಡಿಕೊಳ್ಳುತ್ತಿದ್ದರು. ಜೀಪು ಹಳಿ ದಾಟುವವರೆಗೂ ಆ ಕೂಗು ನಿಲ್ಲಲಿಲ್ಲ.

ಇದನ್ನು ನಿಮ್ಮ ಫೋನಿನಲ್ಲೇ ಕೊಳೆಸಬೇಡಿ. ಆ ಬಡಾವಣೆಯಲ್ಲಿ ನಿಮ್ಮ ಬೀಗರೋ ಗೆಳೆಯರೋ ಇದ್ದರೆ ಮೊದಲು ಅವರಿಗೆ ಕಳಿಸಿ. ಮೂರನೇ ಅಡ್ಡರಸ್ತೆಯಲ್ಲಿ ಅಮೃತಪ್ಪ ಇನ್ನೂ ಇದ್ದಾನೆ ಎಂದು ಹೇಳಿ.