ಒಗ್ಗರಣೆ ಬಿಟ್ಟವರು

ನಮ್ಮ ವಾಡಿಯ ಜನ ಸುಳ್ಳುಗಾರರಲ್ಲ. ಎಮ್ಮೆಯ ಹಾಲಿನ ಲೆಕ್ಕ ಸ್ವಲ್ಪ ಕಡಿಮೆ ಹೇಳುತ್ತಾರೆ, ಸೊಸೆಯ ಓದಿನ ಲೆಕ್ಕ ಸ್ವಲ್ಪ ಹೆಚ್ಚು ಹೇಳುತ್ತಾರೆ. ಅದನ್ನು ನಾನು ಸುಳ್ಳೆಂದು ಹಿಡಿಯುವುದಿಲ್ಲ. ಆದರೆ ಆ ಮಳೆಗಾಲದಲ್ಲಿ ಮನೆಮನೆಗೆ ಹೋಗಿ, "ಯಾರಿಗರೆ ಕಾಮಣಿ ಆಗ್ಯಾದೇನ್ರೀ?" ಎಂದು ಕೇಳಿದಾಗ ಎಲ್ಲರೂ ಒಂದೇ ಉತ್ತರ ಕೊಟ್ಟರು. "ಇಲ್ರೀ ಸಿಸ್ಟರ್, ಯಾರಿಗೂ ಇಲ್ಲ." ಅಷ್ಟು ಬೇಗ ಬಂದ ಉತ್ತರ ನನಗೆ ಸರಿಬರಲಿಲ್ಲ.

ನಾನು ಸುಮಂಗಲಾ, ದಾಳಿಂಬ ಎಂಬ ಊರಿನ ಆಚೆಗಿನ ಈ ಸಣ್ಣ ವಾಡಿಯ ಆರೋಗ್ಯ ಉಪಕೇಂದ್ರದ ನರ್ಸು. ಭಾಲ್ಕಿ ಕಡೆಯಿಂದ ಮದುವೆಯಾಗಿ ಬಂದವಳು. ಹಟ ಹಿಡಿದು ತಂಗಿ ಮೀನಲಳನ್ನೂ ನನ್ನ ಮೈದುನನಿಗೆ ತಂದುಕೊಂಡೆ. ಈಗ ಅವಳು ಎಂಟು ತಿಂಗಳ ಬಸುರಿ. ಅತ್ತೆ ಗುರುಬಾಯಿಗೆ ನನ್ನ ಬಾಯಿ ಕಂಡರೆ ಆಗದು, ಮೀನಲ ಎಂದರೆ ಜೀವ. ನನಗೂ ಅಷ್ಟೆ.

ಕಾಮಣಿಯ, ಅಂದರೆ ಕಾಮಾಲೆಯ, ಅನುಮಾನ ಹುಟ್ಟಿದ್ದು ಆಸ್ಪತ್ರೆಗೆ ಬಂದ ಇಬ್ಬರಿಂದ. ಇಬ್ಬರ ಕಣ್ಣೂ ಹಳದಿ. ಅಲ್ಲಿಯ ಡಾಕ್ಟರ್ ಋಷಿಕೇಶ ಫೋನಿನಲ್ಲಿ ಹೇಳಿದರು: "ಇಬ್ಬರಿಂದ ಏನೂ ತಿಳಿಯೂದಿಲ್ಲ ಸಿಸ್ಟರ್. ಯಾರಿಗೆ ಆಗ್ಯಾದ, ಎಲ್ಲಿ ಆಗ್ಯಾದ, ಯಾವಾಗಿಂದ ಆಗ್ಯಾದ, ಇದು ಗೊತ್ತಾದ್ರ ಎಲ್ಲಿಂದ ಬಂತಂತ ಗೊತ್ತಾಗ್ತದ." ಹಾಗೆಂದು ಕೇಳಲು ಹೊರಟರೆ ಊರಿಗೆ ಊರೇ ತಲೆ ಅಲ್ಲಾಡಿಸಿತು.

ಗುಟ್ಟು ಬಿಟ್ಟುಕೊಟ್ಟದ್ದು ಕೆಳಗಿನ ಓಣಿಯ ಪ್ರೇಮಾಬಾಯಿ. ನಾನು ಹೋದಾಗ ಅವಳ ಗಂಡ ಮಾಣಿಕಪ್ಪ ಗೋಡೆ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ತಾಟಿನಲ್ಲಿ ಬಿಳಿ ಅನ್ನ, ನೀರು ಮಜ್ಜಿಗೆ. ಖಾರದ ಎಣ್ಣೆ ಸುರಿದುಕೊಳ್ಳದೆ ರೊಟ್ಟಿ ಮುರಿಯದ ಮನುಷ್ಯ ಅವನು.

"ಇದೇನ್ರೀ ಕಾಕಾ, ಒಗ್ಗರಣಿಗೆ ಎಣ್ಣಿ ತೀರ್ತೇನು?" ಎಂದು ಚುಡಾಯಿಸಿದೆ.

"ಪಥ್ಯ ಅದರೀ," ಎಂದಳು ಪ್ರೇಮಾಬಾಯಿ.

"ಯಾತರ ಪಥ್ಯ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ರೋಗದ ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಪಿಸುಮಾತಿನಲ್ಲಿ ಹೇಳಿದಳು. ಔರಾದ ಶಹಾಜನಿ ಊರಿನ ಕಡೆ ಬಕ್ಕಪ್ಪ ಎಂಬವನು ಕಾಮಣಿಗೆ ಬೇರು ಕೊಡುತ್ತಾನೆ. ಎಣ್ಣೆ, ಅರಿಶಿನ ಬಾಯಿಗೆ ಹೋಗಬಾರದು, ರೋಗದ ಹೆಸರು ಬಾಯಿಂದ ಬರಬಾರದು. ಬಂದರೆ ಬೇರು ನಾಟುವುದಿಲ್ಲ, ರೋಗ ತಿರುಗಿ ಬೀಳುತ್ತದೆ ಎಂದು ಅವನ ಕಟ್ಟಪ್ಪಣೆ. ಇಷ್ಟು ದಿನ ನಾನು ಊರೆಲ್ಲ ತಿರುಗಿ ಹೇಳಬಾರದ ಹೆಸರನ್ನೇ ಹೇಳಿ ಕೇಳುತ್ತಿದ್ದೆ. ನನ್ನ ಮುಖ ಕಂಡರೆ ಜನ ಬಾಗಿಲು ಮುಂದೆ ಮಾಡುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನು?

ಮರುದಿನ ಪ್ರಶ್ನೆ ಬದಲಿಸಿದೆ. "ನಿಮ್ಮ ಮನ್ಯಾಗ ಒಗ್ಗರಣಿ ಯಾರ ಬಿಟ್ಟಾರ್ರೀ?"

ಇದಕ್ಕೆ ಬಕ್ಕಪ್ಪನ ಅಡ್ಡಿ ಇರಲಿಲ್ಲ. ಜನ ನಗುನಗುತ್ತಾ ಹೇಳಿದರು. ನಮ್ಮ ಸಿದ್ಧಾರೂಢ ಬಿಟ್ಟಾನ. ನಮ್ಮ ಮುದುಕ ಬಿಟ್ಟಾನ. ನಮ್ಮಲ್ಲಿ ತಾಯಿ, ಮಗ ಇಬ್ಬರೂ ಬಿಟ್ಟಾರ. ಒಂದೊಂದು ಹೆಸರನ್ನೂ ಓಣಿಯ ಸಮೇತ ಬರೆದುಕೊಳ್ಳುತ್ತಾ ಹೋದೆ. ಕೆಳಗಿನ ಓಣಿಯಲ್ಲಿ ಒಗ್ಗರಣೆ ಚಟಗುಟ್ಟುವ ಮನೆಗಿಂತ ಸುಮ್ಮನಿರುವ ಮನೆಗಳೇ ಹೆಚ್ಚಾಗಿದ್ದವು.

ಕೆಳಗಿನ ಓಣಿಯ ನಳದ ಪೈಪು ಗಟಾರದೊಳಗಿಂದಲೇ ಹಾದುಬರುತ್ತದೆ. ಒಡೆದ ಕಡೆ ಸೈಕಲ್ ಟ್ಯೂಬು ಸುತ್ತಿದ್ದಾರೆ. ನೀರು ಬಂದ ಕೂಡಲೇ ಪ್ರತಿ ಮನೆಯವರೂ ನಳಕ್ಕೆ ಮೋಟರು ಹಚ್ಚಿ ಎಳೆಯುತ್ತಾರೆ. ಅದರ ಜೊತೆ ಗಟಾರವೂ ಬರುತ್ತದೆ. ಎಲ್ಲರೂ ಕಂಡದ್ದೇ, ನಾನೂ ದಿನಾ ದಾಟಿಕೊಂಡು ಹೋದದ್ದೇ.

ಡಾಕ್ಟರಿಗೆ ಹೇಳಿದೆ. ಅವರು ಒಂದೇ ಉಸಿರಿಗೆ ಹೇಳಿದರು:

"ನೀರ ಬಂದ ಮಾಡಿಸ್ರಿ. ಕುದಿಸಿದ್ದೇ ಕುಡೀಲಿ. ಮೊದಲ ಬಸುರಿಯರನ್ನ ಹುಡುಕ್ರಿ ಸಿಸ್ಟರ್. ಇದು ಉಳಿದವರಿಗೆ ಬಂದು ಹೋಗ್ತದ, ಬಸುರಿಗೆ ಬಂದ್ರ ಜೀವಕ್ಕೇ ಬರ್ತದ. ಹಗಲೊತ್ತ ತೂಕಡಿಸಿದ್ರ, ಮಾತ ಅತ್ತಿತ್ತ ಆದ್ರ, ಒಂದ ಗಳಿಗಿ ಕಾಯಬ್ಯಾಡ್ರಿ. ಅಷ್ಟೊತ್ತಿಗೇ ತಡ ಆಗಿರ್ತದ."

ಕೆಳಗಿನ ಓಣಿಯ ಬಸುರಿಯರನ್ನೆಲ್ಲ ಹುಡುಕಿ ಕಣ್ಣು ನೋಡಿದೆ. ದೇವರ ದಯೆ, ಯಾರದೂ ಹಳದಿಯಿರಲಿಲ್ಲ. ನಮ್ಮ ಮನೆ ಮೇಲಿನ ಓಣಿಯಲ್ಲಿದೆ, ಕುಡಿಯುವುದು ಬೋರಿನ ನೀರು. ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುತ್ತಿದ್ದ ನಾನು ನಮ್ಮ ಮನೆಯಲ್ಲಿ ಮಾತ್ರ ಕೇಳಲಿಲ್ಲ. ನಮ್ಮ ಮನೆಯ ಸುದ್ದಿ ನನಗಲ್ಲದೆ ಯಾರಿಗೆ ಗೊತ್ತು?

ಅವತ್ತು ಮಧ್ಯಾಹ್ನವೇ ಹಸಿದು ಮನೆಗೆ ಬಂದೆ. ಅತ್ತೆ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸಿದರು. ಒಲೆಯ ಪಕ್ಕ ಇನ್ನೊಂದು ತಾಟು ಮುಚ್ಚಿಟ್ಟಿತ್ತು. ಸುಮ್ಮನೆ ತೆಗೆದು ನೋಡಿದೆ. ಬಿಳಿ ಅನ್ನ, ನೀರು ಮಜ್ಜಿಗೆ.

"ಇದು ಯಾರದ್ರೀ ಅತ್ತಿ?"

"ಮೀನಲಂದು."

ಹೋದ ತಿಂಗಳು ಕೆಳಗಿನ ಓಣಿಯವರು ಅವಳನ್ನು ಬಯಕೆಯ ಊಟಕ್ಕೆ ಮನೆಮನೆಗೆ ಕರೆದಿದ್ದರು. ನಾನೇ ಸೀರೆ ಆರಿಸಿಕೊಟ್ಟು ಕಳಿಸಿದ್ದೆ. ಈ ರೋಗ ಹೊಟ್ಟೆಯಲ್ಲಿ ವಾರಗಟ್ಟಲೆ ಸುಮ್ಮನೆ ಕೂತು ಆಮೇಲೆ ಮುಖ ತೋರಿಸುತ್ತದೆ.

"ಅತ್ತಿ, ಅಕಿಗಿ ಕಾಮ..."

ಗುರುಬಾಯಿ ಓಡಿಬಂದು ನನ್ನ ಬಾಯಿ ಮುಚ್ಚಿದರು. "ಹೆಸರ ತಗೀಬ್ಯಾಡವ್ವಾ, ನಿನ್ನ ಕಾಲಿಗಿ ಬೀಳ್ತೀನಿ. ನಿನಗ ಹೇಳಿದ್ರ ನೀ ಊರೆಲ್ಲ ಹೆಸರ ತಗೀತಿದ್ದಿ. ಬೇರ ನಾಟ್ಯಾದ. ನಿನ್ನಿಯಿಂದ ಛಲೋ ನಿದ್ದಿ ಹತ್ಯಾದ ಅಕಿಗಿ, ಎಬ್ಬಿಸಿದ್ರೂ ಏಳವಲ್ಲಳು."

ಅವರ ಕೈ ಕಿತ್ತೊಗೆದು ಒಳಗೆ ಓಡಿದೆ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯದೆ ಕಿಟಕಿಯನ್ನು ದಡಾರನೆ ತೆರೆದೆ. ಬೆಳಕು ಅವಳ ಮುಖಕ್ಕೆ ಬಿತ್ತು. ರೆಪ್ಪೆ ಎತ್ತಿ ನೋಡುವ ಅಗತ್ಯವೇ ಇರಲಿಲ್ಲ. ಕೆನ್ನೆಯವರೆಗೂ ಹಳದಿ ಇಳಿದಿತ್ತು.

"ಮೀನಲ! ಏಳವಾ, ಗಾಡಿ ತರಿಸ್ತೀನಿ, ಲಾತೂರಿಗಿ ಹೋಗೂನು. ಮೀನಲ!"

ಭುಜ ಹಿಡಿದು ಅಲ್ಲಾಡಿಸಿದಾಗ ನಿಧಾನವಾಗಿ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು. ಬಿದ್ದಿದ್ದ ಸೆರಗನ್ನು ಮರ್ಯಾದೆಯಿಂದ ತಲೆಯ ಮೇಲೆ ಎಳೆದುಕೊಂಡಳು.

"ಕೂಡ್ರಿ ಬಾಯಿ," ಎಂದಳು. "ನೀವ್ ಯಾರ ಮನ್ಯಾವ್ರೀ? ನಮ್ಮಕ್ಕ ಊರ ಮಂದಿನ ಕೇಳ್ಲಿಕ್ಕ ಹೋಗ್ಯಾಳ. ಈಗ ಬರ್ತಾಳ."